ಮೇಲಿನ ಮನೆಯ ವಿಳಾಸ

ಕಂಪ್ಯೂಟರನ್ನು ನನ್ನ ಕಣ್ಣೆದುರಿಗೇ ಬಿಚ್ಚಬೇಕು ಎಂದು ಅಂಗಡಿಯವನಿಗೆ ನಾನು ಮೊದಲೇ ಹೇಳಿದ್ದೆ. ನಾಗಪುರದ ಸದರ್ ಪೇಟೆಯ ಆ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇದ್ದದ್ದು ಒಂದೇ ಸ್ಟೂಲು. ಅದನ್ನು ಅವನ ಟೇಬಲ್ಲಿನ ಪಕ್ಕಕ್ಕೆ ಎಳೆದುಕೊಂಡು ಕೂತೆ. ಸಂಜೆ ಬನ್ನಿ ಮೇಡಂ, ತಯಾರಿಟ್ಟಿರುತ್ತೇನೆ ಎಂದು ಹಿಂದಿಯಲ್ಲಿ ಹೇಳಿದ. ಸಂಜೆಯವರೆಗೆ ಇವನು ಅದರೊಳಗೆ ಏನೇನು ಕೈಯಾಡಿಸುತ್ತಾನೋ ಯಾರಿಗೆ ಗೊತ್ತು? ನಾನು ಏಳಲಿಲ್ಲ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಕೂಲರಿನ ಗಾಳಿ ಪೂರ್ತಿ ಅವನ ಕಡೆಗೇ ತಿರುಗಿತ್ತು. ಆದರೂ ಏಳಲಿಲ್ಲ.

ಹಾರ್ಡ್ ಡಿಸ್ಕ್ ಸತ್ತುಹೋಗಿತ್ತು. ಮೊದಲು ಕಟಕಟ ಸದ್ದು ಮಾಡಿತು, ಆಮೇಲೆ ಒಂದು ದಿನ ಸುಮ್ಮನಾಯಿತು. ಹೊಸದು ಹಾಕಬೇಕು, ಹಳೆಯದರಲ್ಲಿದ್ದದ್ದು ಇನ್ನು ಸಿಗುವುದಿಲ್ಲ ಎಂದು ಅಂಗಡಿಯವನು ನೋಡಿದ ಕೂಡಲೇ ಹೇಳಿಬಿಟ್ಟ. ಅಷ್ಟು ಬೇಗ ಹೇಳಿದ್ದೇ ನನಗೆ ಸರಿಬರಲಿಲ್ಲ. ಅದರ ಮೇಲೆ, ಬಿಚ್ಚಿ ತೆಗೆದ ಹಳೆಯ ಡಿಸ್ಕನ್ನು ತನ್ನ ಡ್ರಾಯರಿಗೆ ಹಾಕಿಕೊಳ್ಳಲು ಹೋದ. ನಾನು ಕೈ ಚಾಚಿದೆ. "ಯೇ ತೋ ಕಚರಾ ಹೈ ಮೇಡಂ" ಎಂದು ನಕ್ಕ. ಕಸವೇ ಆದರೆ ಅದು ನನ್ನ ಕಸ ಎಂದು ಇಸಿದುಕೊಂಡು ಬ್ಯಾಗಿನಲ್ಲಿ ಇಟ್ಟುಕೊಂಡೆ.

ನಾನು ಹೀಗೇಕೆ ಆಡುತ್ತೇನೆ ಎಂದು ನನ್ನ ಯಜಮಾನರು ಮದುವೆಯಾದಾಗಿನಿಂದ ಕೇಳುತ್ತ ಬಂದಿದ್ದಾರೆ. ಹಾಲಿನವನು ಎದುರಿಗೇ ಅಳೆದು ಕೊಟ್ಟರೂ ಪಾತ್ರೆ ಎತ್ತಿ ನೋಡುವವಳು ನಾನು. ಫೋನಿನಲ್ಲಿ ಗುಟ್ಟಿನ ಮಾತು ಬರೆಯುವುದಿಲ್ಲ, ಏಕೆಂದರೆ ಫೋನು ಮೇಜಿನ ಮೇಲೆ ಬಿದ್ದಲ್ಲೇ ಬೆಳಗಿ ಮನೆಮಂದಿಗೆಲ್ಲ ಓದಿ ಹೇಳುತ್ತದೆ. ನನ್ನ ಪತ್ರ ವ್ಯವಹಾರವೆಲ್ಲ ಕಂಪ್ಯೂಟರಿನಲ್ಲಿ, ಇ-ಮೇಲಿನಲ್ಲಿ. ಪರಿಚಯದವರ ವಿಳಾಸಗಳನ್ನೂ ಯಾವುದೋ ಕಂಪನಿಯ ವಶಕ್ಕೆ ಕೊಡದೆ ನನ್ನ ಯಂತ್ರದಲ್ಲೇ ಇಟ್ಟುಕೊಂಡಿದ್ದೆ. ಅದರ ಒಂದು ನಕಲನ್ನು ಪೆನ್ ಡ್ರೈವಿಗೆ ಹಾಕಿ, ಆ ಪೆನ್ ಡ್ರೈವನ್ನು ಅಲಮಾರಿಯ ಒಳಲಾಕರಿನಲ್ಲಿ, ಬಂಗಾರದ ಓಲೆಗಳ ಡಬ್ಬಿಯಲ್ಲಿ ಇಟ್ಟಿದ್ದೆ. ಬೀಗದ ಕೈ ಎಲ್ಲಿರುತ್ತದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬ್ಯಾಕಪ್ ಎಂದರೆ ಒಮ್ಮೆ ಮಾಡಿ ಬೀಗ ಹಾಕಿಡುವ ವಸ್ತು ಎಂದೇ ನಾನು ತಿಳಿದಿದ್ದೆ.

ಅಂಗಡಿಯಲ್ಲಿ ಆ ಪೆನ್ ಡ್ರೈವನ್ನು ನಾನೇ ಚುಚ್ಚಿದೆ. ಅವನು ಅದೂ ಇದೂ ಒತ್ತಿದ. ಪರದೆಯ ಮೇಲೆ ನನ್ನ ಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದು ನಿಂತರು. ಮೇಲಿನ ಮನೆ, ಎದುರು ಮನೆ, ಮೂಲೆಯ ಕ್ವಾರ್ಟರ್ಸು, ಶಾಲೆಯ ಆಫೀಸು, ಗದಗಿನ ಅಕ್ಕ, ದೊಡ್ಡ ಮಾವ. ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು. ನಾವು ರೇಲ್ವೆ ಕಾಲನಿಯವರು. ಇಲ್ಲಿ ಮನುಷ್ಯರು ಮೂರು ನಾಲ್ಕು ವರ್ಷಕ್ಕೆ ಬದಲಾಗುತ್ತಾರೆ, ಮನೆಗಳು ಬದಲಾಗುವುದಿಲ್ಲ. ಮೇಲಿನ ಮನೆಯವರಿಗೆ ವರ್ಗವಾಯಿತು ಎಂದರೆ ಹೊಸಬರು ಬರುತ್ತಾರೆ, ಅವರೂ ಮೇಲಿನ ಮನೆಯವರೇ. ನಾವು ಹಳಬರ ವಿಳಾಸ ಅಳಿಸಿ ಅದೇ ಜಾಗದಲ್ಲಿ ಹೊಸಬರದನ್ನು ಬರೆಯುತ್ತೇವೆ. ನಮ್ಮ ಕಾಲನಿಯ ಹೆಂಗಸರೆಲ್ಲ ಹೀಗೇ, ಫೋನಿನಲ್ಲೂ ಹೀಗೇ. ಪ್ರತಿ ಸಲ ಹೊಸ ಹೆಸರು ಬಾಯಿಪಾಠ ಮಾಡಲು ನಮಗೇನು ಪರೀಕ್ಷೆಯೇ?

ಮನೆಗೆ ಬಂದು ಇನ್ನೊಮ್ಮೆ ನೋಡಿದೆ. ಹೊಸ ಲೇಡಿ ಡಾಕ್ಟರರ ವಿಳಾಸ ಇರಲಿಲ್ಲ. ಹೋದ ವರ್ಷ ಬಂದ ಪ್ರಿನ್ಸಿಪಾಲರದೂ ಇರಲಿಲ್ಲ. ಅಂಗಡಿಯವನು ಆರಿಸಿ ಆರಿಸಿ ತೆಗೆದಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಡಾಕ್ಟರ್, ಪ್ರಿನ್ಸಿಪಾಲ್, ಇಂಥವರ ವಿಳಾಸಕ್ಕೇ ತಾನೆ ಪೇಟೆಯಲ್ಲಿ ಬೆಲೆ? ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅಂವ ಕದಿಯೋವನಾಗಿದ್ರ ನಕಲು ಮಾಡ್ಕೋತಿದ್ದ, ಅಳಸತಿದ್ದಿಲ್ಲ" ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಹುರುಳಿದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಬೇರೊಂದು ಭಾರವಿತ್ತು. ಗರ್ಭಕೋಶ ತೆಗೆಯಬೇಕು, ಇನ್ನು ಮುಂದೂಡುವ ಹಾಗಿಲ್ಲ ಎಂದು ಡಾಕ್ಟರರು ಹೇಳಿದ್ದರು. ನಾನು ಕಲಿಸುವ ಶಾಲೆಗೆ ರಜೆ ಇರುವಾಗಲೇ ಮುಗಿಸಿಕೊಂಡುಬಿಡೋಣ, ಸ್ಟಾಫ್ ರೂಮಿನಲ್ಲಿ ಯಾರಿಗೂ ಸುಳಿವು ಸಿಗಬಾರದು ಎಂದು ಮುಂದಿನ ಗುರುವಾರಕ್ಕೆ ಗೊತ್ತು ಮಾಡಿಕೊಂಡಿದ್ದೆ. ತೊಂದರೆ ಒಂದೇ. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಜೊತೆಗೆ ಇರಲು ಹೆಂಗಸೇ ಬೇಕು, ಗಂಡಸರನ್ನು ಸಂಜೆಯ ನಂತರ ಬಿಡುವುದಿಲ್ಲ. ನನಗೆ ಇರುವವನು ಒಬ್ಬ ಮಗ, ಉಮರೇಡಿನ ಗಣಿ ಕಚೇರಿಯಲ್ಲಿದ್ದಾನೆ. ಗದಗಿನ ಅಕ್ಕನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರಳು. ಕಾಲನಿಯ ಹೆಂಗಸರಲ್ಲಿ ಒಬ್ಬರಿಗೆ ಹೇಳಿದರೆ ಸಂಜೆಯ ವಾಕಿಂಗ್ ಮುಗಿಯುವುದರೊಳಗೆ ನನ್ನ ಗರ್ಭಕೋಶ ಕಾಲನಿಯನ್ನೆಲ್ಲ ಸುತ್ತಿ ಬಂದಿರುತ್ತಿತ್ತು.

ಉಳಿದವಳು ಮೇಲಿನ ಮನೆಯ ಹುಡುಗಿ. ಮೈಸೂರಿನ ಕಡೆಯವಳು. ಗಂಡ ರೇಲ್ವೆಯಲ್ಲಿ, ತಾನು ಊರಾಚೆಯ ಮಿಹಾನ್‌ನಲ್ಲಿರುವ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಬೆಳಗಾಗುವ ಮೊದಲೇ ಕಂಪನಿಯ ಕ್ಯಾಬ್ ಬಂದು ಕರೆದುಕೊಂಡು ಹೋಗುತ್ತದೆ. ಮೆಟ್ಟಿಲ ಮೇಲೆ ಸಿಕ್ಕಾಗ "ಚೆನ್ನಾಗಿದ್ದೀರಾ ಆಂಟಿ?" ಎಂದು ನಕ್ಕು ಇಳಿದುಹೋಗುತ್ತಾಳೆ. ಕಾಲನಿಯ ಹೆಂಗಸರ ಜೊತೆ ಹೆಚ್ಚು ಬೆರೆಯುವವಳಲ್ಲ, ನನಗೆ ಬೇಕಾದದ್ದೂ ಅದೇ. ಎದುರಿಗೆ ನಿಂತು ಕೇಳಲು ನಾಲಿಗೆ ಏಳಲಿಲ್ಲ. ಹೇಗೂ ಇಡೀ ದಿನ ಕಂಪ್ಯೂಟರಿನ ಮುಂದೆ ಕೂರುವವಳು ಎಂದು ಇ-ಮೇಲ್ ಬರೆದೆ. ಹೀಗೆ ಹೀಗೆ ಆಗಿದೆ, ಗುರುವಾರ ಆಪರೇಶನ್, ನೀನು ಇನ್ನೂ ಚಿಕ್ಕವಳು, ನಿನಗೆ ಹೇಳಲು ಸಂಕೋಚ, ಆದರೆ ನನಗೆ ಬೇರೆ ಯಾರೂ ಇಲ್ಲ, ಎರಡು ರಾತ್ರಿ ಜೊತೆಗೆ ಇರುತ್ತೀಯಾ, ಬೆಳಿಗ್ಗೆ ನಿನ್ನ ಕ್ಯಾಬ್ ಆಸ್ಪತ್ರೆಯ ಬಾಗಿಲಿಗೇ ಬರಲಿ, ಯಾರಿಗೂ ಹೇಳಬೇಡ ಎಂದು ಬರೆದು, 'ಮೇಲಿನ ಮನೆ' ಎಂದು ಒತ್ತಿ ಕಳಿಸಿದೆ.

ಉತ್ತರ ಬರಲಿಲ್ಲ.

ಮರುದಿನ ಮೆಟ್ಟಿಲ ಮೇಲೆ ಸಿಕ್ಕಳು. ಅದೇ ನಗು, ಅದೇ ಚೆನ್ನಾಗಿದ್ದೀರಾ. ನಾನು ಅವಳ ಮುಖವನ್ನೇ ನೋಡಿದೆ. ಏನೂ ಓದದವಳ ಹಾಗೆ ನಿಂತಿದ್ದಳು. ಎಂಥ ಗಟ್ಟಿಗಿತ್ತಿ! ಆಗುವುದಿಲ್ಲ ಎಂದರೆ ಆಗುವುದಿಲ್ಲ ಎನ್ನಬೇಕು, ಹೀಗೆ ಹಲ್ಲು ಕಿರಿದು ಜಾರಿಕೊಳ್ಳುವುದೇ? ಸಂಜೆ ಅವರ ಮನೆಯಿಂದ ನಗು ಕೇಳಿಸಿತು. ಗಂಡನಿಗೆ ಓದಿ ಹೇಳುತ್ತಿದ್ದಾಳೆ ಎಂದುಕೊಂಡೆ. ಅದರ ಮರುದಿನ ಕಟ್ಟೆಯ ಮೇಲೆ ಕೂತ ಹೆಂಗಸರು ನಾನು ಬರುವುದನ್ನು ಕಂಡು ಮಾತು ನಿಲ್ಲಿಸಿದರು. ಮಾವಿನಕಾಯಿಯ ವಿಷಯ ಮಾತಾಡುತ್ತಿದ್ದೆವು ಎಂದರು. ಮಾವಿನಕಾಯಿಯ ವಿಷಯವಾದರೆ ನಿಲ್ಲಿಸುವುದೇಕೆ?

ಮೂರನೆಯ ಸಲ ಹುಡುಗಿ ಎದುರಾದಾಗ ನಾನು ಮುಖ ತಿರುಗಿಸಿ ಬಾಗಿಲು ಹಾಕಿಕೊಂಡೆ. ಬಾಗಿಲಿನ ಈ ಕಡೆ ನಿಂತು ಕಿವಿಗೊಟ್ಟೆ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಇಳಿದುಹೋದಳು. ನನಗೆ ಹೆದರಿಕೆಯಾಗಿತ್ತು. ಆಪರೇಶನ್ನಿನ ಹೆದರಿಕೆಯಲ್ಲ, ಕಣ್ಣು ಬಿಟ್ಟಾಗ ಮಂಚದ ಪಕ್ಕ ಯಾರೂ ಇರುವುದಿಲ್ಲ ಎನ್ನುವುದರ ಹೆದರಿಕೆ.

ಅದೇ ದಿನ ಮಧ್ಯಾಹ್ನ ಫೋನು ಬಂತು. ಗುರುತಿಲ್ಲದ ನಂಬರು. ಎತ್ತಬಾರದು ಎಂದುಕೊಂಡೇ ಎತ್ತಿದೆ.

"ವೈನೀ, ನಾನ್ರಿ. ಹುಬ್ಬಳ್ಳಿಯಿಂದ. ಆಪರೇಶನ್ ಎಷ್ಟೊತ್ತಿಗೆ ಇಟ್ಟಾರ? ಗುರುವಾರ ಅಂತ ಐತೆಲ್ಲ, ಮುಂಜಾನೆ ಏನು, ಮಧ್ಯಾಹ್ನ ಏನು?"

ಧ್ವನಿ ತಕ್ಷಣ ಗೊತ್ತಾಯಿತು. ಈ ಹುಡುಗಿಗಿಂತ ಮೊದಲು ಮೇಲಿನ ಮನೆಯಲ್ಲಿ ಇದ್ದವರು. ನನಗಿಂತ ತುಸು ದೊಡ್ಡವರು, ನಾನು ಅಕ್ಕಾರು ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮ ಅತ್ತಿಗೆಯೋ ಎಂಬ ಹಾಗೆ ವೈನಿ ಎನ್ನುತ್ತಿದ್ದರು. ಒಂದು ಕಾಲಕ್ಕೆ ನಮ್ಮಿಬ್ಬರ ರೊಟ್ಟಿ ಒಂದೇ ತವೆಯ ಮೇಲೆ ಬೇಯುತ್ತಿತ್ತು. ಊರ ಕಡೆಗೆ ವರ್ಗ ಮಾಡಿಸಿಕೊಳ್ಳಲು ನಾವು ಒಳಗೊಳಗೇ ಪ್ರಯತ್ನ ಮಾಡುತ್ತಿದ್ದ ಸುದ್ದಿ ಆಗ ಸಾಹೇಬರ ಹೆಂಡತಿಯ ಕಿವಿಗೆ ಬಿತ್ತು, ವರ್ಗ ತಪ್ಪಿತು. ಆ ಸುದ್ದಿ ಗೊತ್ತಿದ್ದದ್ದು ಈ ಅಕ್ಕನಿಗೆ ಮಾತ್ರ ಎಂದು ನನ್ನ ಲೆಕ್ಕ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಮೇಲೆ ಅವರಿಗೇ ಹುಬ್ಬಳ್ಳಿಗೆ ವರ್ಗವಾಯಿತು! ಹೋದ ಮೇಲೆ ಒಂದೆರಡು ಸಲ ಬರೆದರು. ನಾನು ಚುಟುಕಾಗಿ ಉತ್ತರಿಸಿದೆ. ಕೊನೆಗೆ ಎರಡೂ ಕಡೆ ಸುಮ್ಮನಾಯಿತು. ಹೊಸ ಹುಡುಗಿ ಬಂದಾಗ ಅವರ ವಿಳಾಸ ಅಳಿಸಿ ಇವಳದನ್ನು ಬರೆದೆ.

"ನಿಮಗ ಯಾರು ಹೇಳಿದ್ರು?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಹಿಡಿಸಲಿಲ್ಲ.

"ಯಾರು ಹೇಳ್ತಾರ್ರಿ? ನೀವ ಬರದೀರೆಲ್ಲ, ಮೇಲ್‌ನಾಗ. ನಾ ಅದನ್ನ ತಗದು ನೋಡೂದು ಕಡಿಮಿ, ಇವತ್ತ ನೋಡಿದೆ. ಮಂಗಳವಾರ ಬಂದ ಮುಟ್ಟತೀನಿ. ಸ್ಟೇಶನ್ನಿಗೆ ಯಾರೂ ಬರೂದು ಬ್ಯಾಡ, ದಾರಿ ಗೊತ್ತೈತಿ."

ಫೋನು ಇಟ್ಟವಳೇ ಕಂಪ್ಯೂಟರ್ ಹಚ್ಚಿದೆ. 'ಮೇಲಿನ ಮನೆ'ಯನ್ನು ಬಿಚ್ಚಿ ನೋಡಿದರೆ ಒಳಗೆ ಹುಬ್ಬಳ್ಳಿಯ ಅಕ್ಕನ ವಿಳಾಸ ಆರಾಮವಾಗಿ ಕೂತಿತ್ತು. 'ಎದುರು ಮನೆ'ಯಲ್ಲಿ ಎಂದೋ ನಿವೃತ್ತರಾಗಿ ಹೋದ ದಂಪತಿ. ಮೂಲೆಯ ಕ್ವಾರ್ಟರ್ಸಿನಲ್ಲಿ ಈಗ ಬಿಲಾಸಪುರದಲ್ಲಿ ಇರುವವರು. ಲಾಕರಿನಲ್ಲಿ ಭದ್ರವಾಗಿ ಇಟ್ಟಿದ್ದ ಪೆನ್ ಡ್ರೈವಿಗೆ ಅಕ್ಕ ಇಲ್ಲಿದ್ದ ಕಾಲದ ನಂತರ ನಾನು ಕೈಯೇ ಹಚ್ಚಿರಲಿಲ್ಲ. ಅಂಗಡಿಯವನು ಏನನ್ನೂ ಕದ್ದಿರಲಿಲ್ಲ. ಆಗ ಇದ್ದ ಕಾಲನಿಯನ್ನು ಇದ್ದ ಹಾಗೆಯೇ ಮರಳಿಸಿದ್ದ. ಮೇಲಿನ ಹುಡುಗಿಗೆ ನನ್ನ ಪತ್ರ ಮುಟ್ಟಿರಲೇ ಇಲ್ಲ. ಪಾಪ, ಅವಳ ಮುಖಕ್ಕೆ ಬಾಗಿಲು ಹಾಕಿದ್ದೆ.

ಇಷ್ಟಾದ ಮೇಲೆ ನನ್ನ ಸಂಶಯ ಇಳಿಯಬೇಕಿತ್ತು. ಇಳಿಯಲಿಲ್ಲ, ಜಾಗ ಬದಲಿಸಿತು ಅಷ್ಟೇ. ಕಳಿಸಿದ ಪತ್ರವನ್ನು ತೆಗೆದು ಮತ್ತೆ ಓದಿದೆ. ನೀನು ಇನ್ನೂ ಚಿಕ್ಕವಳು ಎಂದಿದೆ. ನಿನ್ನ ಕ್ಯಾಬ್ ಎಂದಿದೆ. ಐವತ್ತು ದಾಟಿದ, ಹುಬ್ಬಳ್ಳಿಯಲ್ಲಿ ಮನೆ ಹಿಡಿದು ಕೂತ ಹೆಂಗಸಿಗೆ ಇದು ತನಗೆ ಬರೆದದ್ದಲ್ಲ ಎಂದು ತಿಳಿಯದೇ ಇರಲು ಸಾಧ್ಯವೇ ಇಲ್ಲ. ತಿಳಿದೂ ತಿಳಿದೂ ನೀವೇ ಬರೆದಿರಲ್ಲ ಎಂದರು. ಏನೋ ಇದೆ. ಅವರ ಮಗನಿಗೆ ಇಲ್ಲಿಯ ಕಾಲೇಜು ಬೇಕಾಗಿರಬಹುದು, ನಮ್ಮ ಮನೆಯಲ್ಲಿ ಬಿಡುವ ಯೋಚನೆ ಇರಬಹುದು. ಇಲ್ಲವೇ ಸುದ್ದಿಗಾಗಿ ಬರುತ್ತಿದ್ದಾರೆ. ನನ್ನ ಹಿಂದಿನ ಗುಟ್ಟು ಎಲ್ಲಿಗೆ ಹೋಗಿತ್ತು ಎಂದು ನನಗೆ ನೆನಪಿರಲಿಲ್ಲವೇ? ಬರಬೇಡಿ ಎಂದು ಹೇಳಲು ಎರಡು ಸಲ ಫೋನು ಕೈಗೆ ತೆಗೆದುಕೊಂಡೆ. ಆದರೆ ಬರಬೇಡಿ ಎಂದರೆ ಮಂಚದ ಪಕ್ಕ ಯಾರು? ಎರಡು ಸಲವೂ ಕೆಳಗಿಟ್ಟೆ.

ಯಜಮಾನರಿಗೆ ಹೇಳಿದಾಗ ಅವರು ಈ ಸಲ ಪೇಪರನ್ನು ಪೂರ್ತಿ ಮಡಚಿದರು. "ಬರ್ತಾರಂದ್ರ ಬರಲಿ. ನೀ ಮಾತ್ರ ಅವರ ಬ್ಯಾಗ್ ತಪಾಸಣಿ ಮಾಡಬ್ಯಾಡ," ಎಂದರು.

ಅಕ್ಕ ಮಂಗಳವಾರ ಮಧ್ಯಾಹ್ನ ಬಂದರು. ಕೂದಲು ಬೆಳ್ಳಗಾಗಿತ್ತು, ಮೈ ತುಂಬಿಕೊಂಡಿತ್ತು, ಮಾತು ಮೊದಲಿನ ಹಾಗೇ ಒಂದರ ಹಿಂದೆ ಒಂದು. ಬ್ಯಾಗನ್ನು ನಾನು ತಪಾಸಣೆ ಮಾಡಲಿಲ್ಲ, ಅವರೇ ನನ್ನೆದುರು ಬಿಚ್ಚಿದರು. ಶೇಂಗಾ ಹಿಂಡಿ, ಖಡಕ್ ರೊಟ್ಟಿಯ ಕಟ್ಟು, ಎರಡು ವಾಯಿಲ್ ಸೀರೆ. ಎಲ್ಲದರ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಮಡಚಿಟ್ಟ ಒಂದು ಜರಿಯಂಚಿನ ರೇಷ್ಮೆ ಸೀರೆ.

"ದವಾಖಾನಿಗೆ ರೇಷ್ಮಿ ಸೀರಿ ಯಾಕ್ರಿ?" ಎಂದೆ.

"ಮನ್ಯಾಗ ನಾಗಪುರದಾಗ ಲಗ್ನ ಐತಿ ಅಂತ ಹೇಳಿ ಬಂದೀನಿ. ಯಾರಿಗೂ ಹೇಳಬ್ಯಾಡ ಅಂತ ಬರದೀರಿ, ಖರೇ ಹೇಳಿ ಬರಾಕ ಆಗತೈತೇನು? ಲಗ್ನಕ್ಕ ಹೊಂಟಾಕಿ ರೇಷ್ಮಿ ಸೀರಿ ಇಟಗೋಲಿಲ್ಲ ಅಂದ್ರ ನಮ್ಮ ಮಂದಿಗೆ ಸಂಶಯ ಬರತೈತಿ."

ನಗು ಬಂತು. ನಗಲಿಲ್ಲ. ಗಂಡನಿಗೇ ಇಷ್ಟು ಸಲೀಸಾಗಿ ಸುಳ್ಳು ಹೇಳುವವರು ನನಗೆ ಹೇಳಲಾರರೇ ಎಂದುಕೊಂಡೆ.

ಚಹಾ ಕುಡಿದವರೇ ತಮ್ಮ ಹಳೆಯ ಅಡಿಗೆಮನೆ ನೋಡಿ ಬರುತ್ತೇನೆ ಎಂದು ಮೇಲೆ ಹೊರಟರು. ಹುಡುಗಿಗೆ ಅಂದು ರಜೆ, ಮನೆಯಲ್ಲೇ ಇದ್ದಳು. ನಾನು ಕೆಳಗೆ ಮೆಟ್ಟಿಲ ಹತ್ತಿರ ನಿಂತೆ. ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಇಬ್ಬರೂ ನಕ್ಕರು. ಇಳಿದು ಬಂದವರನ್ನು ಒಳಗೆ ಎಳೆದುಕೊಂಡು ಏನು ಹೇಳಿದಿರಿ ಎಂದು ಕೇಳಿದೆ.

"ಲಗ್ನಕ್ಕ ಬಂದೀನಿ ಅಂದೆ. ಯಾರ ಲಗ್ನ ಅಂತ ಕೇಳಿದಳು. ಅಡಿಗೀ ಕಟ್ಟೀ ಮ್ಯಾಲೆ ಬಿಳೀ ಟೈಲ್ಸ್ ಹಾಕಿಸ್ಯಾರ, ಚಲೋ ಆಗೈತಿ ಅಂತ ಮಾತು ತಿರುವಿದೆ. ಕೆಳಗಿನ ಆಂಟಿ ಸಿಟ್ಟಾಗ್ಯಾರ ಅನಸ್ತೈತಿ, ನಾ ಏನ್ ತಪ್ಪು ಮಾಡೀನಿ ಅಂತ ಕೇಳಿದಳ್ರಿ ಆ ಹುಡುಗಿ. ಬಿಸಿಲಿಗೆ ತಲಿ ಕೆಟ್ಟೈತಿ ಅಂದೆ."

ಮರುದಿನ ಸಂಜೆ ಆಸ್ಪತ್ರೆಗೆ ಸೇರಿದೆ. ಯಜಮಾನರು ಮಂಚದ ತನಕ ಬಂದು, ಏನು ಹೇಳಬೇಕೋ ತಿಳಿಯದೆ ಫ್ಯಾನಿನ ವೇಗ ಹೆಚ್ಚುಕಡಿಮೆ ಮಾಡಿ ಹೋದರು. ಅಕ್ಕ ಪಕ್ಕದ ಬೆಂಚಿನ ಮೇಲೆ ಚಾದರ ಹಾಸಿಕೊಂಡರು. ವಾರ್ಡಿನಲ್ಲಿ ಯಾರೇ ಕೇಳಿದರೂ ನಮ್ಮ ವೈನಿಗೆ ಹೊಟ್ಟೆಯಲ್ಲಿ ಕಲ್ಲು ಎಂದು ಹೇಳಿದರು. ನಾನು ಕಣ್ಣು ಮುಚ್ಚಿಕೊಂಡು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಅವರ ಮಗನ ಕಾಲೇಜಿನ ಮಾತು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ಅವನಿಗೆ ಅಲ್ಲೇ ಧಾರವಾಡದಲ್ಲಿ ಸೀಟು ಸಿಕ್ಕಿ ವರ್ಷವಾಗಿದೆ ಎಂದು ಮಾತಿನ ನಡುವೆ ತಿಳಿಯಿತು.

ಗುರುವಾರ ಬೆಳಿಗ್ಗೆ ಹಸಿರು ಗೌನು ಹಾಕಿಸಿ ಕೂರಿಸಿದರು. ಬಳೆ, ಓಲೆ, ತಾಳಿ ಎಲ್ಲ ಬಿಚ್ಚಿ ಅಕ್ಕನ ಕೈಗೆ ಕೊಡಬೇಕಾಯಿತು. ಅವರು ಅದನ್ನು ಕರವಸ್ತ್ರದಲ್ಲಿ ಕಟ್ಟಿ ರವಿಕೆಯೊಳಗೆ ಸಿಕ್ಕಿಸಿಕೊಂಡರು. ಇನ್ನು ತಡೆಯಲು ಆಗಲಿಲ್ಲ. ಹೀಗೆ ಅನುಮಾನ ಹೊತ್ತುಕೊಂಡು ಒಳಗೆ ಹೋಗಿ, ಏನಾದರೂ ಹೆಚ್ಚುಕಡಿಮೆಯಾದರೆ?

"ಅಕ್ಕಾರ, ಆ ಪತ್ರ ನಾ ನಿಮಗ ಬರದದ್ದಲ್ಲ," ಎಂದೆ. "ಮ್ಯಾಲಿನ ಹುಡುಗಿಗೆ ಬರದದ್ದು. ಹಳೇ ವಿಳಾಸ ಬಂದು ಕೂತಿತ್ತು, ತಪ್ಪಿ ನಿಮಗ ಹೋತು."

"ಗೊತ್ತೈತ್ರಿ," ಎಂದರು. "ನನಗ್ಯಾವ ಕ್ಯಾಬ್ ಬರತೈತಿ?"

"ಗೊತ್ತಿದ್ದು ಯಾಕ ಬಂದ್ರಿ ಮತ್ತ?"

ನನ್ನ ಪ್ರಶ್ನೆ ಪೊಲೀಸಿನವರ ಹಾಗೆ ಬಂತು. ಅವರು ನನ್ನ ಗೌನಿನ ಹಿಂದಿನ ದಾರ ಕಟ್ಟುತ್ತಿದ್ದರು. ಕಟ್ಟುವುದನ್ನು ನಿಲ್ಲಿಸಲಿಲ್ಲ.

"ನನಗ ಅಂತ ಬರದಿದ್ರ ಹತ್ತು ಸಲ ವಿಚಾರ ಮಾಡತಿದ್ದೆ. ಇಷ್ಟು ವರ್ಷ ಇಲ್ಲದ್ದು ಈಗ್ಯಾಕ ನೆನಪಾದೆ ಅಂತ. ಮಾರಿ ಬಿಗಿ ಮಾಡ್ಕೊಂಡು ಕುಂದ್ರತಿದ್ದೆನೋ ಏನೋ. ಆದ್ರ ನಿಮಗ ಇಂಥಾ ಹೊತ್ತು ಬಂದೈತಿ, ಮೊನ್ನಿ ಮೊನ್ನಿ ಬಂದ ಹುಡುಗಿ ಮುಂದ ಕೈ ಮುಗದು ನನಗ ಬ್ಯಾರೆ ಯಾರೂ ಇಲ್ಲ ಅಂತ ಬರದೀರಿ. ಯಾರೂ ಇಲ್ಲ ಅಂದ್ರ ಏನ್ರಿ? ನಾ ಸತ್ತೀನೇನು? ಅದನ್ನ ಓದಿ ಅಂಥಾ ಸಿಟ್ಟು ಬಂತ್ರಿ ನನಗ. ಪುಕ್ಕಟೆ ಪಾಸಿಗೆ ಕಾಯಲಿಲ್ಲ, ರೊಕ್ಕ ಕೊಟ್ಟು ತಿಕೀಟು ತಗಸಿದೆ. ರೇಲ್ವೆದವರ ಮನಿ ಸೇರಿದ ಮ್ಯಾಲೆ ಮೊದಲನೇ ಸಲ."

ದಾರವನ್ನು ಗಂಟು ಹಾಕಿ ಬೆನ್ನು ತಟ್ಟಿದರು. ನನಗೆ ಅಳು ಬಂತು. ತಡೆದು ತಡೆದು, ಕೊನೆಗೆ ತಡೆಯಲಾಗದೆ, ಮಕ್ಕಳು ಅಳುವ ಹಾಗೆ ಮೂಗು ಸೋರುವ ತನಕ ಅತ್ತೆ. ಅಷ್ಟರಲ್ಲಿ ಟ್ರಾಲಿ ತಳ್ಳಿಕೊಂಡು ಬಂದ ನರ್ಸ್ ನನ್ನನ್ನು ನೋಡಿ, ಹೆದರಬೇಡಿ ಅಮ್ಮಾ, ಏನೂ ಆಗುವುದಿಲ್ಲ ಎಂದು ಮರಾಠಿಯಲ್ಲಿ ಸಮಾಧಾನ ಮಾಡಿದಳು. ಅದಕ್ಕಲ್ಲ ಎಂದು ಹೇಳಲು ಹೋದೆ.

ಅಕ್ಕ ನನ್ನ ಬದಲು ಉತ್ತರ ಕೊಟ್ಟರು. ಇವಳು ಹೆದರುವವಳಲ್ಲ, ಇವಳಿಗೇ ಎಲ್ಲರೂ ಹೆದರಬೇಕು ಎಂದು ತಮ್ಮ ಹರಕು ಮರಾಠಿಯಲ್ಲಿ ಶುರು ಮಾಡಿದರು. ಅರ್ಧಕ್ಕೆ ಶಬ್ದ ಸಿಗದೆ ಕನ್ನಡ ಸೇರಿಸಿದರು, ನರ್ಸಿಗೆ ಒಂದೂ ತಿಳಿಯಲಿಲ್ಲ. ಟ್ರಾಲಿ ಹೊರಟಿತು. ಅವರು ಮಾತಾಡುತ್ತಲೇ ಪಕ್ಕದಲ್ಲಿ ಬಂದರು, ಬಾಗಿಲ ಹತ್ತಿರ ತಡೆದು ನಿಲ್ಲಿಸಿದ ಮೇಲೂ ಮಾತಾಡುತ್ತಲೇ ಇದ್ದರು. ನಾನು ಅದನ್ನು ಕೇಳಿಸಿಕೊಳ್ಳುತ್ತ ಒಳಗೆ ಹೋದೆ.